ಹುಬ್ಬಳ್ಳಿಯ ನವನಗರದಲ್ಲಿ ಬಾಡಿಗೆಗೆ ಕೊಡಲೆಂದು ಮನೆ ಕೊಂಡರೆ ಕರೆಂಟು, ನೀರು, ಇತರೆ ಖರ್ಚಿಗೆ ಎಷ್ಟು ತೆಗೆದಿಡಬೇಕು?

ನಿಮ್ಮ ಲೆಕ್ಕ ಓದಿದೆ. ಎರಡು ಪೋರ್ಷನ್, ತಲಾ 9,000 ಬಾಡಿಗೆ, ಸಾಲದ ಕಂತು 14,500, ತಿಂಗಳಿಗೆ 3,500 ಉಳಿಯುತ್ತದೆ ಅಂತ ಬರೆದಿದ್ದೀರಿ. ನಾನು ಧಾರವಾಡದ ಸಪ್ತಾಪುರದಲ್ಲಿ ಮೂರು ಪೋರ್ಷನ್ ಬಾಡಿಗೆಗೆ ಕೊಟ್ಟಿದ್ದೇನೆ. ದಯವಿಟ್ಟು ತಿಂಗಳ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಾಕಿ.

ನಿಮ್ಮ 3,500 ಅಂದರೆ ವರ್ಷಕ್ಕೆ 42,000. ಎರಡೂ ಪೋರ್ಷನ್ ವರ್ಷದಲ್ಲಿ ಒಂದೊಂದು ತಿಂಗಳು ಖಾಲಿ ಬಿದ್ದರೆ 18,000 ಹೋಯಿತು. ಮನೆ ಕರ 6,000 ಅಂತ ಇಟ್ಟುಕೊಳ್ಳಿ. ಮೋಟರ್, ಮೆಟ್ಟಿಲ ದೀಪಕ್ಕೆ ತಿಂಗಳಿಗೆ 600 ಅಂದರೂ 7,200. ಉಳಿದಿದ್ದು 10,800. ಒಬ್ಬರು ಬಿಟ್ಟು ಹೋದ ಮೇಲೆ ಒಂದು ಪೋರ್ಷನ್‌ಗೆ ಬಣ್ಣ ಹೊಡೆಸಿದರೆ ಅದೂ ಮುಗಿಯಿತು.

ಇದರಲ್ಲಿ ಜನ ಜಾಸ್ತಿ ಮರೆಯುವುದು ನೀರಿನ ಖರ್ಚು. ಮಲಪ್ರಭಾ ನೀರು ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಎಲ್ಲಾ ಓಣಿಗೂ ದಿನಾ ಬರುವುದಿಲ್ಲ, ಅಲ್ವಾ? ಹಾಗಾಗಿ ಸಂಪು ಬೇಕು, ಮೇಲೆ ಟ್ಯಾಂಕ್ ಬೇಕು, ಬೋರ್ ಬೇಕು. ಇವೆಲ್ಲ ಮಾಲೀಕರ ತಲೆಗೇ. ಒಂದು ಏಪ್ರಿಲ್‌ನಲ್ಲಿ ನಮ್ಮ ಬೋರಿನ ಮೋಟರ್ ಸುಟ್ಟು ಹೋಯಿತು. ಮೇಲೆತ್ತುವ ಕೂಲಿ, ರಿವೈಂಡಿಂಗ್, ಹೊಸ ಕೇಬಲ್, ಅದು ಮುಗಿಯುವವರೆಗೆ ಮೂರು ಮನೆಗೆ ಟ್ಯಾಂಕರ್. ಒಂದು ತಿಂಗಳ ಬಾಡಿಗೆ ಪೂರ್ತಿ ಅಲ್ಲೇ ಹೋಯಿತು. ಚಿಕ್ಕ ಮಕ್ಕಳಿರುವ ಮನೆಯವರಿಗೆ ನೀರಿಲ್ಲ ಅಂತ ಹೇಳುವುದು ಹಣಕ್ಕಿಂತ ಕಷ್ಟ. ಆಗಿನಿಂದ ತಿಂಗಳಿಗೆ 1,500 ನೀರಿನ ಹೆಸರಲ್ಲೇ ಬೇರೆ ಖಾತೆಗೆ ಹಾಕುತ್ತೇನೆ.

ಕರೆಂಟಿಗೆ ಪ್ರತಿ ಪೋರ್ಷನ್‌ಗೂ ಬೇರೆ ಮೀಟರ್ ಇರಲಿ, ಮೋಟರಿಗೂ ಒಂದು. 2023ರಿಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇದು ಇನ್ನೂ ಮುಖ್ಯ. ಬಾಡಿಗೆದಾರರಿಗೂ ಅದು ಸಿಗುತ್ತದೆ. ಆದರೆ ಎರಡು ಮನೆ ಒಂದೇ ಮೀಟರಿನಲ್ಲಿದ್ದರೆ ಅದರ ತಿಂಗಳ ಮಿತಿ 200 ಯೂನಿಟ್ ಸುಲಭವಾಗಿ ದಾಟುತ್ತದೆ, ಆಗ ಪೂರ್ತಿ ಬಿಲ್ ಕಟ್ಟಬೇಕು. ಮನೆ ಖಾಲಿ ಇದ್ದರೂ ಹೆಸ್ಕಾಂ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ಇನ್ನೊಂದು ಮಾತು. ಒಬ್ಬರು ಮೂರು ತಿಂಗಳ ಬಿಲ್ ಬಾಕಿ ಇಟ್ಟು ಹೋದರು, ನಾನು ನೋಡದೆ ಅಡ್ವಾನ್ಸ್ ವಾಪಸ್ ಕೊಟ್ಟಿದ್ದೆ. ಬಾಕಿ ನಮ್ಮ ಆರ್‌ಆರ್ ನಂಬರಿನ (ಕರೆಂಟ್ ಸಂಪರ್ಕದ ನಂಬರ್) ಮೇಲೇ ಉಳಿಯಿತು, ನಾನೇ ಕಟ್ಟಿದೆ. ಕೊನೆಯ ಬಿಲ್ ಕೈಗೆ ಬರುವವರೆಗೆ ಅಡ್ವಾನ್ಸ್ ಪೂರ್ತಿ ಕೊಡಬೇಡಿ. ಅಡ್ವಾನ್ಸ್ ಅವರ ದುಡ್ಡು, ಅದನ್ನು ಮನೆ ಕೊಳ್ಳಲು ಬಳಸಬೇಡಿ.

ಮನೆ ಕರ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ನೀವು ಕಟ್ಟಿದ ಮನೆ ಕರ ಕಳೆದು, ಉಳಿದಿದ್ದರಲ್ಲಿ ಶೇ 30 ಬಿಡುತ್ತಾರೆ. ರಿಪೇರಿಗೆ ಇದಕ್ಕಿಂತ ಜಾಸ್ತಿ ಖರ್ಚಾಯಿತು ಅಂದರೂ ಬೇರೆ ವಿನಾಯಿತಿ ಸಿಗುವುದಿಲ್ಲ.

ಟೋಕನ್ ಕೊಡುವ ಮೊದಲು ಮಾರುವವರ ಹತ್ತಿರ ಒಂದು ವರ್ಷದ ಕರೆಂಟ್ ಬಿಲ್, ನೀರಿನ ಬಿಲ್, ಕರದ ರಸೀದಿ ಕೇಳಿ ತಗೊಳ್ಳಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಬೋರ್ ಬತ್ತುತ್ತದಾ ಅಂತ ಮಾತ್ರ ಪಕ್ಕದ ಮನೆಯವರನ್ನೇ ಕೇಳಿ. ಆ ಉತ್ತರ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ನಿಮ್ಮ ಲೆಕ್ಕ ಮತ್ತೊಮ್ಮೆ ಕೂತು ನೋಡೋಣ.