ಕರಿಯನನ್ನು ಮನೆಗೆ ಕರೆತರಲೇ?

ಪ್ರಶ್ನೆ: ನನಗೆ 63 ವರ್ಷ. ಯಜಮಾನರು ಹೋದ ಮೇಲೆ ಹೊಸನಗರದ ಮನೆಗೆ ಬೀಗ ಹಾಕಿ, ಬೆಂಗಳೂರಿನಲ್ಲಿ ಮಗನ ಅಪಾರ್ಟ್‌ಮೆಂಟಿಗೆ ಬಂದೆ. ದಿನಾ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗುತ್ತೇನೆ. ಅಲ್ಲಿ ಬಿದಿರು ಮೆಳೆಯ ಹತ್ತಿರ ಒಂದು ಕಪ್ಪು ನಾಯಿ ನನಗಾಗಿ ಕಾದಿರುತ್ತದೆ. ಮುಖ ಲ್ಯಾಬ್ರಡಾರ್ ಥರ, ಬಾಲ ಬೀದಿನಾಯಿಯ ಹಾಗೆ ಸುರುಳಿ. ನಾನು ಬೆಂಚಿನ ಮೇಲೆ ಕೂತ ತಕ್ಷಣ ಮೊಣಕಾಲಿಗೆ ಒರಗಿ ನಿಲ್ಲುತ್ತದೆ. ಕರಿಯ ಅಂತ ಕರೆಯುತ್ತೇನೆ. ಪಾಪ, ಯಾರೋ ಕಿವಿಯ ತುದಿ ಕತ್ತರಿಸಿದ್ದಾರೆ. ಮನೆಗೆ ಕರೆತರುವ ಆಸೆ. ಸೊಸೆಗೆ ನಾಯಿ ಅಂದರೆ ಭಯ. ಮಗ ‘ಈ ವಯಸ್ಸಲ್ಲಿ ನಿನಗ್ಯಾಕಮ್ಮ’ ಅಂದ. ನನ್ನದು ಹುಚ್ಚೇ?

ಉತ್ತರ: ಅಮ್ಮಾ, ಖಂಡಿತ ಹುಚ್ಚಲ್ಲ. ಇಷ್ಟು ದಿನದ ಮೇಲೆ ನಿಮ್ಮ ದಾರಿ ಕಾಯುವ ಒಂದು ಜೀವ ಸಿಕ್ಕಿದೆ. ಅದಕ್ಕೆ ಮನಸ್ಸು ಸೋಲದಿದ್ದರೆ ಆಶ್ಚರ್ಯ.

ಮೊದಲು ಆ ಕಿವಿಯ ಸಂಕಟ ಬಿಡಿ. ಅಂಚು ನೀಟಾಗಿದ್ದರೆ ಅದು ಗಾಯವಲ್ಲ, ಗುರುತು. ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ರೇಬಿಸ್ ಲಸಿಕೆ ಹಾಕಿದಾಗ, ಅರಿವಳಿಕೆ ಇಳಿಯುವ ಮೊದಲೇ ಕಿವಿಯನ್ನು ಹಾಗೆ ಕತ್ತರಿಸುತ್ತಾರೆ. ಆಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು ಅನ್ನುತ್ತವೆ ಪ್ರಾಣಿಗಳ ಸಂತಾನ ನಿಯಂತ್ರಣದ 2023ರ ನಿಯಮಗಳು. ಅಂದರೆ ಕರಿಯ ದಿಕ್ಕಿಲ್ಲದವನಲ್ಲ, ಆ ಪಾರ್ಕೇ ಅವನ ಊರು. ನೀವು ಬರುವ ಮೊದಲೂ ಯಾರೋ ಅವನಿಗೆ ಅನ್ನ ಹಾಕಿದ್ದಾರೆ. ಕಸ ಗುಡಿಸುವವರನ್ನು, ಗೇಟಿನ ಸೆಕ್ಯುರಿಟಿಯವರನ್ನು ಕೇಳಿ ನೋಡಿ. ಅವನಿಗೆ ಅವರು ಇಟ್ಟ ಹೆಸರು ಬೇರೆಯೇ ಇರಬಹುದು. ಊರು ಬಿಟ್ಟು ಬಂದು ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಯೊಳಗೆ ಹೊಂದಿಕೊಳ್ಳುವ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಕಷ್ಟ ಅವನಿಗೆ ಬೇಡ.

ಕಾನೂನೇನೋ ನಿಮ್ಮ ಕಡೆಗಿದೆ. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕಬೇಡಿ ಅನ್ನುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೆ ಸೊಸೆಯ ಭಯಕ್ಕೆ ಸುತ್ತೋಲೆ ಮದ್ದಲ್ಲ. ತನ್ನ ಮನೆಯಲ್ಲೇ ಆಕೆ ಹೆದರಿ ಓಡಾಡುವುದು ನಿಮಗೂ ಬೇಡ ತಾನೆ?

ಕರಿಯ ಅಲ್ಲೇ ಇರಲಿ, ನೀವು ಅವನ ಜವಾಬ್ದಾರಿ ತಗೊಳ್ಳಿ. ಕಿವಿಯ ಗುರುತು ಜೀವನಪರ್ಯಂತ ಇರುತ್ತದೆ, ಲಸಿಕೆಯ ಬಲ ಇರುವುದಿಲ್ಲ. ವರ್ಷಕ್ಕೊಮ್ಮೆ ಹಾಕಿಸಬೇಕು. ಅನ್ನ ಹಾಕುವವರ ಜೊತೆ ಮಾತಾಡಿ ಆ ಖರ್ಚು ಹಂಚಿಕೊಳ್ಳಿ. ಬಿಸ್ಕತ್ತು ಬಿಟ್ಟು, ಉಪ್ಪು ಖಾರವಿಲ್ಲದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಕಲಸಿ ಒಯ್ಯಿರಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಅವನಿಗೆ ವಿಷ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ: ಆಟದಲ್ಲಿ ಹಲ್ಲೋ ಉಗುರೋ ತಾಗಿ ಚರ್ಮ ತರಚಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ.

ಮಗನ ಜೊತೆ ವಾದ ಬೇಡ. ಒಂದು ಭಾನುವಾರ ಅವನನ್ನೂ ಕರೆದುಕೊಂಡು ಹೋಗಿ ಆ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕರಿಯ ಬಂದು ನಿಮ್ಮ ಮೊಣಕಾಲಿಗೆ ಒರಗುವುದನ್ನು ಅವನೂ ನೋಡಲಿ.