ಕ್ಯಾಲ್ಸಿಯಂ ಇದ್ದರೆ ಎಲುಬು ತಾನಾಗಿ ಗಟ್ಟಿಯಾಗದೇ? ಪ್ರೋಟೀನಿಗೇನು ಕೆಲಸ?

ಉಡುಪಿಯ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರ ಒಳ್ಳೆಯ ಪ್ರಶ್ನೆ. ಕ್ಯಾಲ್ಸಿಯಂ, ಫಾಸ್ಫೇಟ್ ರಕ್ತದೊಂದಿಗೆ ಮೈಯೆಲ್ಲ ಹರಿಯುತ್ತವೆ. ಆದರೂ ಚರ್ಮ, ಸ್ನಾಯು ಕಲ್ಲಾಗುವುದಿಲ್ಲ. ಖನಿಜ ಎಲ್ಲಿ ಹರಳುಗಟ್ಟಬೇಕೆಂಬುದರಲ್ಲಿ ಪ್ರೋಟೀನುಗಳ ಪಾಲು ದೊಡ್ಡದು.

ಎಲುಬು ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳು ಮೊದಲು ಮೆತ್ತನೆಯ ಹಂದರ ಕಟ್ಟುತ್ತವೆ. ಅದರ ಸಾವಯವ ಭಾಗದಲ್ಲಿ ಸುಮಾರು 90% ಒಂದನೇ ವಿಧದ ಕೊಲಾಜನ್ ಎಂಬ ಎಳೆಯಂಥ ಪ್ರೋಟೀನ್. ಕೋರಿ ರೊಟ್ಟಿ ಉಂಡ ಮೇಲೆ ಉಳಿದ ಕೋಳಿಯ ಕಾಲೆಲುಬನ್ನು ಕೆಲವು ದಿನ ವಿನೆಗರಿನಲ್ಲಿ ಮುಳುಗಿಸಿಡಿ. ಖನಿಜ ಕರಗಿಹೋಗುತ್ತದೆ, ಎಲುಬಿನ ಆಕಾರ ಹಾಗೆಯೇ ಉಳಿಯುತ್ತದೆ, ಹಿಡಿದರೆ ರಬ್ಬರಿನಂತೆ ಬಾಗುತ್ತದೆ. ಉಳಿದದ್ದು ಬಹುಪಾಲು ಕೊಲಾಜನ್. ಅದರ ಎಳೆಗಳಲ್ಲಿ ಸುಮಾರು 67 ನ್ಯಾನೋಮೀಟರಿಗೊಮ್ಮೆ ಬರುವ ತೆರವುಗಳು ಖನಿಜ ಕೂರಲು ಜಾಗ ಕೊಡುತ್ತವೆ.

ಉಳಿದ ಪ್ರೋಟೀನುಗಳು ಪ್ರಮಾಣದಲ್ಲಿ ಕಡಿಮೆ, ಪರಿಣಾಮದಲ್ಲಿ ಅಲ್ಲ. ಬೋನ್ ಸಯಾಲೋಪ್ರೋಟೀನ್ ಹರಳು ಹುಟ್ಟಲು ನೆರವಾಗುತ್ತದೆ; ಆಸ್ಟಿಯೋಪಾಂಟಿನ್ ಹರಳಿಗಂಟಿ ಅದರ ಬೆಳವಣಿಗೆಗೆ ತಡೆ ಹಾಕುತ್ತದೆ. ಈ ತಡೆಯ ಕೆಲಸವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಹೀಗೆಯೇ ತಡೆ ಹಾಕುವ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಇಲ್ಲದ ಇಲಿಗಳ ರಕ್ತನಾಳಗಳೇ ಸುಣ್ಣಗಟ್ಟಿ, ಸುಮಾರು ಎರಡು ತಿಂಗಳೊಳಗೆ ಅವು ಸಾಯುತ್ತವೆ.

ಪೈರೋಫಾಸ್ಫೇಟ್ ಎಂಬ ಸಣ್ಣ ಅಣು ಕೂಡ ಇಂಥದೇ ತಡೆ. ಅದನ್ನು ಒಡೆಯುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹುಟ್ಟಿನಿಂದಲೇ ಕೊರತೆಯಾದರೆ, ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಮಗುವಿನ ಎಲುಬು ಮೆತ್ತಗೇ ಉಳಿಯುತ್ತದೆ.