ಓದುಗರ ಪ್ರಶ್ನೆ, ನಮ್ಮ ಉತ್ತರ: ಜಾಲತಾಣದ ಪ್ರಮಾಣಪತ್ರ ತಾನಾಗಿ ನವೀಕರಣಗೊಳ್ಳಬೇಕಾದರೆ

ತಾಣದ ಗುರುತನ್ನು ಬ್ರೌಸರ್‌ಗೆ ಖಚಿತಪಡಿಸಿ ಸಂಪರ್ಕವನ್ನು ಸುರಕ್ಷಿತವಾಗಿಡಲು ನೆರವಾಗುವ, ಜಾಲತಾಣಗಳ ಉಚಿತ ಭದ್ರತಾ ಪ್ರಮಾಣಪತ್ರಗಳ ಕುರಿತು ಬಂದ ಪತ್ರಗಳಲ್ಲಿ ಐದಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಆದೇಶಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ. ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ನಮ್ಮೂರಿನ ಗ್ರಂಥಾಲಯದ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ತಾಣವು ಬಾಡಿಗೆಯ ಉಬುಂಟು ಸರ್ವರ್‌ನಲ್ಲಿ ಪುಟಗಳನ್ನು ಓದುಗರಿಗೆ ಕಳುಹಿಸುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶದ ಮೂಲಕ ನಡೆಯುತ್ತದೆ. ಇದನ್ನೆಲ್ಲ ಸಿದ್ಧಪಡಿಸಿದ್ದ ಹುಡುಗ ಈಗ ಊರಿನಲ್ಲಿಲ್ಲ. ಕಳೆದ ಸೋಮವಾರದಿಂದ ತಾಣ ತೆರೆದವರಿಗೆಲ್ಲ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂಬ ಎಚ್ಚರಿಕೆ ಬರುತ್ತಿದೆ. ಮೊದಲೆಲ್ಲ ಅವಧಿ ಮುಗಿಯುವ ಮುನ್ನ ಇಮೇಲ್ ಬರುತ್ತಿತ್ತು, ಈ ಬಾರಿ ಬರಲಿಲ್ಲ. ಮೂರು ತಿಂಗಳಿಗೊಮ್ಮೆ ಕೈಯಾರೆ ಮಾಡುವುದನ್ನು ತಪ್ಪಿಸುವ ದಾರಿಯಿದೆಯೇ?
(ಸ್ವಯಂಸೇವಕರೊಬ್ಬರು, ಸಾಗರ)

ಉತ್ತರ: ಮೊದಲು ಇಮೇಲ್ ವಿಚಾರ. ನಿಮ್ಮ ಪ್ರಮಾಣಪತ್ರವನ್ನು ನೀಡುವ ಲೆಟ್ಸ್ ಎನ್‌ಕ್ರಿಪ್ಟ್, ಅವಧಿ ಮುಗಿಯುವ ಮುನ್ನ ಕಳುಹಿಸುತ್ತಿದ್ದ ಎಚ್ಚರಿಕೆಯ ಇಮೇಲ್‌ಗಳನ್ನು 2025ರ ಜೂನ್ ತಿಂಗಳಲ್ಲಿ ನಿಲ್ಲಿಸಿಬಿಟ್ಟಿದೆ. ಆ ಇಮೇಲನ್ನೇ ನೆಚ್ಚಿಕೊಂಡಿದ್ದ ಅನೇಕ ಸಣ್ಣ ಸಂಸ್ಥೆಗಳಿಗೆ ನಿಮ್ಮದೇ ಅನುಭವವಾಗಿದೆ. ಇನ್ನು ಮುಂದೆ ನೆನಪಿಸುವ ಕೆಲಸವನ್ನೂ ನಾವೇ ಏರ್ಪಡಿಸಿಕೊಳ್ಳಬೇಕು.

ಕೈಯಾರೆ ಮಾಡುವುದನ್ನು ತಪ್ಪಿಸಬಹುದೇ ಎಂದು ಕೇಳಿದ್ದೀರಿ. ಈ ವ್ಯವಸ್ಥೆ ಹುಟ್ಟಿದ್ದೇ ಅದನ್ನು ತಪ್ಪಿಸಲು. ಇಂಟರ್ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್ ಎಂಬ ಅಮೆರಿಕದ ಲಾಭರಹಿತ ಸಂಸ್ಥೆಯು ಲೆಟ್ಸ್ ಎನ್‌ಕ್ರಿಪ್ಟ್ ಸೇವೆಯ ಮೊದಲ ಪ್ರಮಾಣಪತ್ರವನ್ನು 2015ರ ಸೆಪ್ಟೆಂಬರ್‌ನಲ್ಲಿ ನೀಡಿತು. ಪ್ರಮಾಣಪತ್ರದ ಆಯುಷ್ಯವನ್ನು 90 ದಿನಕ್ಕೆ ಸೀಮಿತಗೊಳಿಸಿದ್ದಕ್ಕೆ ಅದು ಎರಡು ಕಾರಣ ಕೊಟ್ಟಿತು: ಪ್ರಮಾಣಪತ್ರದ ಜೊತೆಗೆ ಸರ್ವರ್‌ನಲ್ಲಿರುವ ರಹಸ್ಯ ಕಡತವಾದ ಖಾಸಗಿ ಕೀಲಿ ಕಳುವಾದರೆ ಆಗುವ ಹಾನಿ ಹೆಚ್ಚು ದಿನ ಮುಂದುವರಿಯಬಾರದು ಎಂಬುದು ಒಂದು, ಕಡಿಮೆ ಅವಧಿ ಇದ್ದರೆ ಜನರು ನವೀಕರಣವನ್ನು ಯಂತ್ರಕ್ಕೇ ಒಪ್ಪಿಸುತ್ತಾರೆ ಎಂಬುದು ಇನ್ನೊಂದು. ನಿಮ್ಮ ಸರ್ವರ್‌ಗೂ ಪ್ರಮಾಣಪತ್ರ ಕೊಡುವ ಸಂಸ್ಥೆಗೂ ನಡುವೆ ನಡೆಯುವ ಮಾತುಕತೆಗೆ ಆಕ್ಮಿ ಎಂಬ ಶಿಷ್ಟಾಚಾರವಿದ್ದು, ಅದು 2019ರಲ್ಲಿ ಅಂತರಜಾಲದ ಅಧಿಕೃತ ಮಾನದಂಡವಾಯಿತು. ನಿಮ್ಮ ಕಡೆಯಿಂದ ಆ ಮಾತುಕತೆ ನಡೆಸುವ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸರ್ಟ್‌ಬಾಟ್.

ಸರ್ವರ್‌ಗೆ ಲಾಗಿನ್ ಆಗಿ ‘ಸರ್ಟ್‌ಬಾಟ್ ಸರ್ಟಿಫಿಕೇಟ್ಸ್’ ಎಂಬ ಆದೇಶ ಕೊಡಿ. ಯಾವ ಯಾವ ಡೊಮೇನ್‌ಗೆ ಪ್ರಮಾಣಪತ್ರವಿದೆ, ಅದು ಎಂದು ಮುಗಿಯುತ್ತದೆ, ಕಡತಗಳು ಎಲ್ಲಿವೆ ಎಂಬುದು ಕಾಣುತ್ತದೆ. ಸರ್ಟ್‌ಬಾಟ್ ಇಲ್ಲವೇ ಇಲ್ಲ ಎಂದಾದರೆ ಅದನ್ನು ತಯಾರಿಸುವವರು ಶಿಫಾರಸು ಮಾಡುವಂತೆ ಸ್ನ್ಯಾಪ್ ಎಂಬ ತಂತ್ರಾಂಶ ಅಳವಡಿಕೆ ವ್ಯವಸ್ಥೆಯ ಮೂಲಕ ಅಳವಡಿಸಿಕೊಂಡು, ‘ಸರ್ಟ್‌ಬಾಟ್’ ಆದೇಶಕ್ಕೆ ‘ಎಂಜಿನ್‌ಎಕ್ಸ್’ ಎಂಬ ಆಯ್ಕೆಯನ್ನು ಸೇರಿಸಿ ಓಡಿಸಿದರೆ, ಪ್ರಮಾಣಪತ್ರ ಪಡೆಯುವುದು, ಅದನ್ನು ಸಂರಚನೆಯಲ್ಲಿ ನಮೂದಿಸುವುದು ಎರಡನ್ನೂ ಅದೇ ಮಾಡುತ್ತದೆ. ದಿನಕ್ಕೆ ಎರಡು ಬಾರಿ ಎದ್ದು ನೋಡುವ ಒಂದು ಟೈಮರ್ ಕೂಡ ಅದರ ಜೊತೆಗೇ ಬರುತ್ತದೆ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್’ ಎಂದು ಕೇಳಿದಾಗ ಬರುವ ಪಟ್ಟಿಯಲ್ಲಿ ಸರ್ಟ್‌ಬಾಟ್ ಹೆಸರಿದ್ದರೆ ಟೈಮರ್ ಜೀವಂತವಾಗಿದೆ ಎಂದರ್ಥ. ಪ್ರಮಾಣಪತ್ರದ ಆಯುಷ್ಯದಲ್ಲಿ ಸುಮಾರು ಮೂರನೇ ಒಂದು ಭಾಗ, ಅಂದರೆ 90ರಲ್ಲಿ 30 ದಿನ, ಉಳಿದಾಗ ಮಾತ್ರ ಅದು ಹೊಸದನ್ನು ಪಡೆಯುತ್ತದೆ. ಉಳಿದ ದಿನಗಳಲ್ಲಿ ನೋಡಿ ಸುಮ್ಮನಾಗುತ್ತದೆ.

ಟೈಮರ್ ಇದ್ದೂ ಅವಧಿ ಮುಗಿದಿದೆ ಎಂದರೆ, ಒಂದು ತಿಂಗಳಿನಿಂದ ದಿನಕ್ಕೆರಡು ಬಾರಿ ಪ್ರಯತ್ನ ನಡೆದು ಪ್ರತಿ ಸಲವೂ ವಿಫಲವಾಗಿದೆ ಎಂದಾಯಿತು. ಕಾರಣ ಬಹುಮಟ್ಟಿಗೆ 80ನೇ ಪೋರ್ಟ್‌ನ, ಅಂದರೆ ಗೂಢಲಿಪಿಯಿಲ್ಲದ ಸಾದಾ ವೆಬ್ ಸಂಪರ್ಕಗಳು ಸರ್ವರ್‌ಗೆ ಬರುವ ಬಾಗಿಲಿನ, ಬಳಿ ಸಿಗುತ್ತದೆ. ಡೊಮೇನ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಲೆಟ್ಸ್ ಎನ್‌ಕ್ರಿಪ್ಟ್ ಒಂದು ಗುರುತಿನ ಸಾಲನ್ನು ಕೊಟ್ಟು, ಅದನ್ನು ನಿಮ್ಮ ತಾಣದ ನಿರ್ದಿಷ್ಟ ವಿಳಾಸದಲ್ಲಿ ಇಡಲು ಹೇಳಿ, ಆಮೇಲೆ ಹೊರಗಿನಿಂದ ಬಂದು ಓದುತ್ತದೆ. ಆ ಓದು ಆರಂಭವಾಗುವುದು 80ನೇ ಪೋರ್ಟ್‌ನಿಂದಲೇ. ‘ನಮ್ಮದೆಲ್ಲ ಈಗ ಸುರಕ್ಷಿತ ಸಂಪರ್ಕ, 80 ಏಕೆ ಬೇಕು’ ಎಂದುಕೊಂಡು ಫೈರ್‌ವಾಲ್‌ನಲ್ಲಿ ಅದನ್ನು ಮುಚ್ಚಿದವರು ಎರಡು ತಿಂಗಳ ಅನಂತರ ನಿಮ್ಮ ಸ್ಥಿತಿಗೆ ಬರುತ್ತಾರೆ. ಅದನ್ನು ತೆರೆದಿಟ್ಟು, ಬಂದವರನ್ನು ಸುರಕ್ಷಿತ ವಿಳಾಸಕ್ಕೆ ತಿರುಗಿಸುವುದೇ ಸರಿಯಾದ ಕ್ರಮ. ತಿರುಗಿಸಿದ ದಾರಿಯನ್ನು ಲೆಟ್ಸ್ ಎನ್‌ಕ್ರಿಪ್ಟ್ ಹಿಂಬಾಲಿಸುತ್ತದೆ.

ಇನ್ನೊಂದು ಕಾರಣ ನಮ್ಮಲ್ಲಿ ಹೆಚ್ಚಾಗಿ ಕಾಣುತ್ತದೆ. ಓದುಗರೆಲ್ಲ ಇಲ್ಲಿಯವರೇ ಎಂದು ಭಾರತದ ಹೊರಗಿನ ಸಂಪರ್ಕಗಳನ್ನೆಲ್ಲ ತಡೆದುಬಿಡುತ್ತಾರೆ. ಆದರೆ 2020ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಈ ಪರಿಶೀಲನೆಯನ್ನು ಜಾಲದ ಬೇರೆ ಬೇರೆ ನೆಲೆಗಳಿಂದ ಮಾಡುತ್ತಿದೆ. ಯಾರಾದರೂ ಒಂದು ಕಡೆ ಜಾಲದ ದಾರಿಯನ್ನು ತಿರುಚಿ ಮೋಸದಿಂದ ಪ್ರಮಾಣಪತ್ರ ಪಡೆಯದಿರಲಿ ಎಂಬುದು ಅದರ ಉದ್ದೇಶ. ದೇಶದ ಗಡಿಗೆ ಬೇಲಿ ಹಾಕಿದ ಸರ್ವರ್ ಆ ಪರಿಶೀಲನೆಯಲ್ಲಿ ಸೋಲುತ್ತದೆ. ಸರ್ವರ್ ಬದಲಾಯಿಸಿದಾಗ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರನ್ನು ಸರ್ವರ್‌ನ ವಿಳಾಸಕ್ಕೆ ಜೋಡಿಸುವ ಪಟ್ಟಿಯಲ್ಲಿ) ಹಳೆಯ ಐಪಿ ಆವೃತ್ತಿ 6ರ ವಿಳಾಸ ಹಾಗೆಯೇ ಉಳಿದಿದ್ದರೂ ಇದೇ ಪಾಡು.

ಕಾರಣ ಹುಡುಕುವಾಗ ನಿಜವಾದ ಕೋರಿಕೆಯನ್ನು ಮತ್ತೆ ಮತ್ತೆ ಕಳುಹಿಸಬೇಡಿ. ಒಂದು ಹೆಸರಿಗೆ ಗಂಟೆಯೊಂದರಲ್ಲಿ ಐದು ಬಾರಿ ಪರಿಶೀಲನೆ ವಿಫಲವಾದರೆ ತಾತ್ಕಾಲಿಕ ತಡೆ ಬೀಳುತ್ತದೆ. ಒಂದೇ ಹೆಸರುಗಳ ಗುಂಪಿಗೆ ಏಳು ದಿನಗಳಲ್ಲಿ ಐದಕ್ಕಿಂತ ಹೆಚ್ಚು ಪ್ರಮಾಣಪತ್ರ ಸಿಗುವುದಿಲ್ಲ. ‘ಸರ್ಟ್‌ಬಾಟ್ ರಿನ್ಯೂ’ ಆದೇಶಕ್ಕೆ ‘ಡ್ರೈ-ರನ್’ ಎಂಬ ಆಯ್ಕೆಯನ್ನು ಸೇರಿಸಿದರೆ ಇಡೀ ಪ್ರಕ್ರಿಯೆ ಪರೀಕ್ಷಾ ಸರ್ವರ್‌ನೊಡನೆ ನಡೆಯುತ್ತದೆ. ಅದು ಯಶಸ್ವಿಯಾದ ಮೇಲೆಯೇ ನಿಜವಾದದ್ದಕ್ಕೆ ಕೈಹಾಕಿ.

ಪ್ರಶ್ನೆ: ಸರ್ಟ್‌ಬಾಟ್ ನವೀಕರಣ ಯಶಸ್ವಿ ಎನ್ನುತ್ತದೆ, ಆದರೆ ಬ್ರೌಸರ್ ಹಳೆಯ ದಿನಾಂಕವನ್ನೇ ತೋರಿಸುತ್ತದೆ. ಯಾವುದನ್ನು ನಂಬಬೇಕು?
(ಓದುಗರು, ಧಾರವಾಡ)

ಉತ್ತರ: ಎರಡೂ ನಿಜ ಹೇಳುತ್ತಿವೆ. ನಾನು ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಯ ಸರ್ವರ್‌ನಲ್ಲಿ ಇದೇ ಆಗಿತ್ತು. ಡಿಸ್ಕ್‌ನಲ್ಲಿದ್ದ ಕಡತವನ್ನು ಓಪನ್‌ಎಸ್‌ಎಸ್‌ಎಲ್ ಎಂಬ ಉಪಕರಣದಿಂದ ತೆರೆದಾಗ, ಅವಧಿ ಮುಗಿಯುವ ದಿನ ತೋರಿಸುವ ‘ನಾಟ್ ಆಫ್ಟರ್’ ಎಂಬ ಸಾಲಿನಲ್ಲಿ ಜುಲೈ 14 ಎಂದಿತ್ತು. ಅದೇ ತಾಣಕ್ಕೆ ಹೊರಗಿನಿಂದ ಸಂಪರ್ಕಿಸಿ ಕೇಳಿದಾಗ ಬಂದ ಉತ್ತರ ಮೇ 15. ಏಪ್ರಿಲ್ ಮಧ್ಯದಲ್ಲಿ ಹೊಸ ಪ್ರಮಾಣಪತ್ರ ಬಂದು ಕುಳಿತಿತ್ತು, ಎಂಜಿನ್‌ಎಕ್ಸ್ ಮಾತ್ರ ತಾನು ಶುರುವಾದಾಗ ನೆನಪಿಗೆ ತೆಗೆದುಕೊಂಡ ಹಳೆಯದನ್ನೇ ಎಲ್ಲರಿಗೂ ತೋರಿಸುತ್ತಿತ್ತು. ಆ ಎರಡು ದಿನಾಂಕಗಳನ್ನು ಒಂದರ ಕೆಳಗೊಂದು ನೋಡಿದ ಮೇಲೆ, ನವೀಕರಣ ಎಂದರೆ ಕಡತ ಬರುವುದಲ್ಲ, ಅದು ಓದುಗರ ಬ್ರೌಸರ್ ತಲುಪುವುದು ಎಂದು ನಾನು ಲೆಕ್ಕ ಹಾಕುತ್ತೇನೆ.

ಎಂಜಿನ್‌ಎಕ್ಸ್ ಆಯ್ಕೆಯಿಂದ ಪ್ರಮಾಣಪತ್ರ ಪಡೆದಿದ್ದರೆ ಸರ್ಟ್‌ಬಾಟ್ ತಾನೇ ಎಂಜಿನ್‌ಎಕ್ಸ್ ಅನ್ನು ರೀಲೋಡ್ ಮಾಡುತ್ತದೆ, ಅಂದರೆ ಕಡತಗಳನ್ನು ಮತ್ತೆ ಓದಿಸುತ್ತದೆ. ಪ್ರಮಾಣಪತ್ರವನ್ನಷ್ಟೇ ತಂದು ಸಂರಚನೆಯನ್ನು ಮುಟ್ಟದ ‘ಸರ್ಟ್‌ಓನ್ಲಿ’ ಮತ್ತು ‘ವೆಬ್‌ರೂಟ್’ ದಾರಿಯಲ್ಲಿ ಪಡೆದಿದ್ದರೆ ಮಾಡುವುದಿಲ್ಲ. ಆ ಕೆಲಸಕ್ಕೆ ‘ಡಿಪ್ಲಾಯ್ ಹುಕ್’ ಬೇಕು. ಸರ್ಟ್‌ಬಾಟ್‌ನ ಸಂರಚನಾ ಕೋಶದೊಳಗೆ ‘ರಿನ್ಯೂವಲ್-ಹುಕ್ಸ್’ ಎಂಬ ಕೋಶವೂ ಅದರೊಳಗೆ ‘ಡಿಪ್ಲಾಯ್’ ಎಂಬುದೂ ಇವೆ. ಎಂಜಿನ್‌ಎಕ್ಸ್ ಅನ್ನು ರೀಲೋಡ್ ಮಾಡುವ ಒಂದೇ ಸಾಲಿನ ಶೆಲ್ ಸ್ಕ್ರಿಪ್ಟನ್ನು ಅಲ್ಲಿಟ್ಟು, ಓಡಿಸುವ ಅನುಮತಿ ಕೊಟ್ಟರೆ, ಪ್ರತಿ ಯಶಸ್ವಿ ನವೀಕರಣದ ಅನಂತರ ಅದು ನಡೆಯುತ್ತದೆ. ರೀಸ್ಟಾರ್ಟ್ ಬೇಡ, ರೀಲೋಡ್ ಸಾಕು; ಸಂಪರ್ಕದಲ್ಲಿರುವವರಿಗೆ ಅಡ್ಡಿಯಾಗುವುದಿಲ್ಲ. ಅದೇ ಪ್ರಮಾಣಪತ್ರವನ್ನು ಮೇಲ್ ಸರ್ವರ್ ಕೂಡ ಬಳಸುತ್ತಿದ್ದರೆ ಅದಕ್ಕೂ ಒಂದು ಸಾಲು ಸೇರಿಸಿ. ಕಡತಗಳನ್ನು ಬೇರೆ ಕೋಶಕ್ಕೆ ನಕಲು ಮಾಡಿ ಬಳಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ‘ಲೈವ್’ ಕೋಶದಲ್ಲಿರುವ ಕೊಂಡಿಗಳು ಸದಾ ಹೊಸ ಕಡತವನ್ನೇ ತೋರಿಸುತ್ತವೆ, ನಕಲು ಮಾತ್ರ ಹಳತಾಗುತ್ತದೆ.

ಮೇಲೆ ಹೇಳಿದ ಡ್ರೈ-ರನ್ ಸಾಮಾನ್ಯವಾಗಿ ಈ ಡಿಪ್ಲಾಯ್ ಹುಕ್ಕನ್ನು ಓಡಿಸುವುದಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ಸ್ಕ್ರಿಪ್ಟನ್ನು ಒಮ್ಮೆ ಕೈಯಾರೆ ಓಡಿಸಿ ನೋಡಬೇಕು. ಜೊತೆಗೆ, ಬೇರೆ ಯಂತ್ರವೊಂದರಿಂದ ದಿನಕ್ಕೊಮ್ಮೆ ತಾಣಕ್ಕೆ ಸಂಪರ್ಕಿಸಿ, ಕಾಣುವ ದಿನಾಂಕಕ್ಕೆ ಇಪ್ಪತ್ತು ದಿನಕ್ಕಿಂತ ಕಡಿಮೆ ಉಳಿದಿದ್ದರೆ ನಿಮಗೆ ಸಂದೇಶ ಕಳುಹಿಸುವ ಪುಟ್ಟ ಸ್ಕ್ರಿಪ್ಟ್ ಇಟ್ಟುಕೊಳ್ಳಿ. ಅದೇ ಸರ್ವರ್‌ನಲ್ಲಿ ಇಟ್ಟರೆ, ಸರ್ವರ್ ಕೆಟ್ಟ ದಿನ ಕಾವಲುಗಾರನೂ ಮಲಗಿರುತ್ತಾನೆ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಡೊಮೇನಿನ ಎಲ್ಲ ಉಪಹೆಸರುಗಳಿಗೂ ಸೇರಿ ಒಂದೇ ವೈಲ್ಡ್‌ಕಾರ್ಡ್ ಪ್ರಮಾಣಪತ್ರ ಪಡೆದಿದ್ದೇನೆ. ಡಿಎನ್‌ಎಸ್‌ನಲ್ಲಿ ಒಂದು ಸಾಲನ್ನು ಕೈಯಾರೆ ಸೇರಿಸಿದ್ದೆ. ನವೀಕರಣ ಮಾತ್ರ ತಾನಾಗಿ ಆಗುತ್ತಿಲ್ಲ.
(ಓದುಗರು, ಮಂಡ್ಯ)

ಉತ್ತರ: ಆಗುವುದೂ ಇಲ್ಲ. ವೈಲ್ಡ್‌ಕಾರ್ಡ್ ಪ್ರಮಾಣಪತ್ರಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2018ರಿಂದ ನೀಡುತ್ತಿದ್ದು, ಅವಕ್ಕೆ ಡಿಎನ್‌ಎಸ್ ಮೂಲಕವೇ ಒಡೆತನ ತೋರಿಸಬೇಕು. ಪ್ರತಿ ಪರಿಶೀಲನೆಗೂ ಹೊಸ ಸಾಲು ಬೇಕಾಗುತ್ತದೆ. ನೀವು ‘ಮ್ಯಾನುಯಲ್’ ವಿಧಾನದಲ್ಲಿ ಪಡೆದಿರುವುದರಿಂದ ಆ ಸಾಲನ್ನು ಹಾಕುವವರು ಯಾರೆಂದು ಸರ್ಟ್‌ಬಾಟ್‌ಗೆ ಗೊತ್ತಿಲ್ಲ. ನಿಮ್ಮ ಡಿಎನ್‌ಎಸ್ ಸೇವೆಯವರು ಎಪಿಐ (ತಂತ್ರಾಂಶವೇ ಡಿಎನ್‌ಎಸ್ ಸಾಲುಗಳನ್ನು ಬದಲಿಸುವ ದಾರಿ) ಕೊಡುತ್ತಿದ್ದರೆ ಅವರಿಗೆ ಹೊಂದುವ ಸರ್ಟ್‌ಬಾಟ್ ಪ್ಲಗಿನ್ ಅಳವಡಿಸಿ, ಇಲ್ಲವೇ ಆಕ್ಮಿ ಡಾಟ್ ಎಸ್‌ಎಚ್ ಬಳಸಿ. ಎರಡನೆಯದು ಪೂರ್ತಿ ಶೆಲ್‌ನಲ್ಲೇ ಬರೆದ ತಂತ್ರಾಂಶ, ರೂಟ್ ಅಧಿಕಾರ, ಅಂದರೆ ಸರ್ವರ್‌ನ ಸಂಪೂರ್ಣ ಹತೋಟಿ, ಇಲ್ಲದೆಯೂ ನಡೆಯುತ್ತದೆ, ಬಹಳಷ್ಟು ಡಿಎನ್‌ಎಸ್ ಸೇವೆಗಳನ್ನು ಬಲ್ಲದು. 2021ರ ಆಗಸ್ಟ್‌ನಿಂದ ಅದು ತಾನಾಗಿ ಆಯ್ದುಕೊಳ್ಳುವುದು ಝೀರೋಎಸ್‌ಎಸ್‌ಎಲ್ ಸಂಸ್ಥೆಯನ್ನು. ಲೆಟ್ಸ್ ಎನ್‌ಕ್ರಿಪ್ಟ್ ಬೇಕಿದ್ದರೆ ಹಾಗೆಂದು ಹೇಳಬೇಕು.

ಎಪಿಐ ಬಳಸಲು ಕೊಡುವ ರಹಸ್ಯ ಗುರುತಾದ ಟೋಕನ್ ವಿಚಾರದಲ್ಲಿ ಉದಾಸೀನ ಬೇಡ. ಅದು ಕಳುವಾದರೆ ಸಂಘದ ತಾಣವನ್ನೂ ಇಮೇಲನ್ನೂ ಬೇರೆಡೆಗೆ ತಿರುಗಿಸಬಹುದು. ಆ ಒಂದು ಡೊಮೇನಿಗೆ ಮಾತ್ರ ಸೀಮಿತವಾದ ಟೋಕನ್ ಪಡೆದು, ಕಡತವನ್ನು ಅದರ ಒಡೆಯನಷ್ಟೇ ಓದುವಂತೆ ಇಡಿ. ನಿಜ ಹೇಳಬೇಕೆಂದರೆ, ನಿಮ್ಮಲ್ಲಿ ಇರುವುದು ನಾಲ್ಕೈದು ಉಪಹೆಸರುಗಳಾದರೆ ವೈಲ್ಡ್‌ಕಾರ್ಡ್ ಬಿಟ್ಟು ಅವನ್ನೆಲ್ಲ ಒಂದೇ ಪ್ರಮಾಣಪತ್ರದಲ್ಲಿ ಹೆಸರಿಸುವುದೇ ಮೇಲು. ಆಗ ಟೋಕನ್ನಿನ ಗೊಡವೆಯೇ ಇಲ್ಲ.

ಪ್ರಶ್ನೆ: ಉಚಿತ ಪ್ರಮಾಣಪತ್ರದ ಭದ್ರತೆ ಕಡಿಮೆಯೇ? ವರ್ಷಕ್ಕೊಮ್ಮೆ ಹಣ ಕೊಟ್ಟು ಕೊಂಡರೆ ನವೀಕರಣದ ತಲೆನೋವು ತಪ್ಪುತ್ತದಲ್ಲವೇ?
(ವ್ಯಾಪಾರಿ, ಬೆಳಗಾವಿ)

ಉತ್ತರ: ಗೂಢಲಿಪೀಕರಣದ ಬಲ ಎರಡರಲ್ಲೂ ಒಂದೇ. ಹಣ ಕೊಟ್ಟರೂ ಆ ತಲೆನೋವು ತಪ್ಪದು. ಬ್ರೌಸರ್ ತಯಾರಕರೂ ಪ್ರಮಾಣಪತ್ರ ನೀಡುವವರೂ ಸೇರಿದ ವೇದಿಕೆಯು 2025ರಲ್ಲಿ ಒಪ್ಪಿದ ನಿಯಮದಂತೆ ಯಾವುದೇ ಪ್ರಮಾಣಪತ್ರದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100 ದಿನ, 2029ರಲ್ಲಿ 47 ದಿನಕ್ಕೆ ಇಳಿಯುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ 2028ರಲ್ಲೇ 45 ದಿನಕ್ಕೆ ಬರಲು ನಿರ್ಧರಿಸಿದೆ. ಎರಡು ತಿಂಗಳಿಗೊಮ್ಮೆ ಓಡುವಂತೆ ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಆದೇಶ ಓಡಿಸುವ ವ್ಯವಸ್ಥೆಯಲ್ಲಿ) ಬರೆದಿಟ್ಟವರು ಈಗಲೇ ಅದನ್ನು ದಿನಕ್ಕೆ ಎರಡು ಬಾರಿಗೆ ಬದಲಿಸಿಕೊಳ್ಳಲಿ, ಇಲ್ಲದಿದ್ದರೆ ಆಗ ಪ್ರತಿ ಸುತ್ತಿನಲ್ಲೂ ಹದಿನೈದು ದಿನ ತಾಣಕ್ಕೆ ಎಚ್ಚರಿಕೆಯ ಪರದೆ ಬೀಳುತ್ತದೆ.

ಪ್ರಶ್ನೆ: ನಮ್ಮ ಡೊಮೇನ್ ಕನ್ನಡ ಲಿಪಿಯಲ್ಲಿದೆ, ಕೊನೆಯಲ್ಲಿ ‘ಭಾರತ’ ಎಂದೇ ಇದೆ. ಸರ್ಟ್‌ಬಾಟ್ ಆ ಹೆಸರನ್ನು ಒಪ್ಪುತ್ತಿಲ್ಲ.
(ಓದುಗರು, ಮೈಸೂರು)

ಉತ್ತರ: ಕನ್ನಡದ ಹೆಸರನ್ನೇ ಆರಿಸಿಕೊಂಡಿರುವುದು ನನಗೆ ತುಂಬ ಸಂತೋಷ ಕೊಟ್ಟಿತು. ಇಂತಹ ಹೆಸರುಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್ 2016ರಿಂದಲೇ ಪ್ರಮಾಣಪತ್ರ ಕೊಡುತ್ತಿದೆ; ತೊಡಕಿರುವುದು ಟೈಪ್ ಮಾಡುವ ಬಗೆಯಲ್ಲಿ ಮಾತ್ರ. ಡಿಎನ್‌ಎಸ್‌ನ ಒಳಗೆ ಕನ್ನಡದ ಪ್ರತಿ ಭಾಗವೂ ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಪ್ಯೂನಿಕೋಡ್ ರೂಪದಲ್ಲಿರುತ್ತದೆ, ಸರ್ಟ್‌ಬಾಟ್ ಕೇಳುವುದೂ ಆ ರೂಪವನ್ನೇ. ‘ಐಡಿಎನ್’ ಎಂಬ ಪುಟ್ಟ ಆದೇಶಕ್ಕೆ ನಿಮ್ಮ ಡೊಮೇನನ್ನು ಕೊಟ್ಟರೆ ಅದು ಸಿಗುತ್ತದೆ. ಅದನ್ನೇ ಎಂಜಿನ್‌ಎಕ್ಸ್‌ನ ‘ಸರ್ವರ್ ನೇಮ್’ ಸಾಲಿನಲ್ಲೂ ಬರೆಯಿರಿ. ಒತ್ತಕ್ಷರಗಳಿರುವ ಹೆಸರಾದರೆ ಪಠ್ಯವನ್ನು ನಕಲು ಮಾಡುವಾಗ ಕಣ್ಣಿಗೆ ಕಾಣದ ಜೋಡಕವೊಂದು ನಡುವೆ ಸೇರಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ; ನೋಂದಾಯಿಸಿದಾಗ ನಿಮಗೆ ಕೊಟ್ಟ ಪ್ಯೂನಿಕೋಡ್ ಹೆಸರಿನೊಂದಿಗೆ ಅಕ್ಷರ ಅಕ್ಷರವೂ ತಾಳೆಯಾದರೆ ನವೀಕರಣದ ಉಳಿದ ಕ್ರಮವೆಲ್ಲ ಸಾಗರದ ಓದುಗರಿಗೆ ಹೇಳಿದಂತೆಯೇ.